ಮರದ ಡಾಕ್ಟರಿಗೆ ಬಂದ ರೋಗಿ

ಮಾರ್ಚ್ ಹನ್ನೆರಡು, ಗುರುವಾರ.

ನನ್ನ ತಮಾಷೆ ಕೈ ಮೀರಿತು. ವಿಶ್ವವಿದ್ಯಾಲಯದ ಹೊಸ ಕ್ಷೇಮ ಕೇಂದ್ರಕ್ಕೆ ಜಾಗ ಬೇಕೆಂದು ಗ್ರಂಥಾಲಯದ ಹಿಂದಿನ ಹಳೇ ಮರವನ್ನು ಶನಿವಾರ ಕಡಿಯುತ್ತಾರೆ. ವಿದ್ಯಾರ್ಥಿಗಳ ಮನಸ್ಸು ತಂಪಾಗಲೆಂದು ನೆರಳನ್ನೇ ಕಡಿಯುವ ಈ ಮಹತ್ಕಾರ್ಯದ ಗೌರವಾರ್ಥ, ಸೋಮವಾರ ಮರಕ್ಕೊಂದು ಬೋರ್ಡು ತೂಗುಹಾಕಿದ್ದೆ: ‘ಡಾ. ಮರ. ಅನುಭವ ಎಂಬತ್ತು ವರ್ಷ.’ ಕೆಳಗೆ ಹೆಸರು, ತೊಂದರೆ, ಬರುವ ಸಮಯ ಬರೆಯಲು ಒಂದು ಹಾಳೆ.

ಮೂರು ದಿನ ಎಲ್ಲರೂ ನಕ್ಕರು. ‘ಪರೀಕ್ಷೆ ಅಲರ್ಜಿ’, ‘ಪ್ರೇಮಜ್ವರ’ ಎಂದೆಲ್ಲ ಬರೆದರು. ಇವತ್ತು ಮಧ್ಯಾಹ್ನ ತೋಟದ ಮಾಲಿ ತಾತ ಕರೆದ.

“ಏನಪ್ಪಾ ಕಂಪೌಂಡರ್, ಈ ರೋಗಿ ನೋಡು. ಇದು ಹುಡುಗಾಟ ಅಲ್ಲ.”

ಹೆಸರಿನ ಜಾಗ ಖಾಲಿ. ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: ‘ಹನ್ನೊಂದು ದಿನದಿಂದ ನಿದ್ದೆ ಇಲ್ಲ. ಇಲ್ಲಿ ಕೂತಾಗ ಮಾತ್ರ ಎದೆ ಹಗುರಾಗುತ್ತೆ. ಶುಕ್ರವಾರ ಐದಕ್ಕೆ ಬರ್ತೀನಿ.’

“ಯಾರು ತಾತಾ ಇದು?”

“ದಿನಾ ಒಬ್ಬಳು ಬಂದು ಕೂರ್ತಾಳೆ. ನಾನು ನೀರು ಬಿಟ್ರೆ ಕಾಲು ಎತ್ಕೋತಾಳೆ. ಮಾತಿಲ್ಲ.”

ಹಾಳೆ ಹಿಡಿದು ಆಪ್ತಸಮಾಲೋಚಕಿ ಮೇಡಂ ಕೋಣೆಗೆ ಓಡಿದೆ. ನನ್ನ ಹಳೆಯ ಕಿತಾಪತಿಗಳೆಲ್ಲ ಅವರಿಗೆ ಬಾಯಿಪಾಠ.

“ಇದು ನಿನ್ನ ಅಕ್ಷರ ಅಲ್ಲ ತಾನೇ?”

“ಅಲ್ಲ ಮೇಡಂ.” ಜೀವನದಲ್ಲಿ ಮೊದಲ ಸಲ, ನಿಜ ಹೇಳಿದ್ದಕ್ಕೆ ಸಾಕ್ಷಿಯಾಗಿ ನನ್ನ ನೋಟ್ ಪುಸ್ತಕ ತೆಗೆದು ಹಾಳೆಯ ಪಕ್ಕದಲ್ಲಿಟ್ಟೆ.

ಅವರು ಎರಡೂ ಅಕ್ಷರ ಹೋಲಿಸಿ ನೋಡಿದರು. “ಸರಿ. ಐದಕ್ಕೆ ನಾನೇ ಅಲ್ಲಿಗೆ ಬರ್ತೀನಿ. ನೀನು ಅಲ್ಲೆಲ್ಲೂ ಸುಳೀಬೇಡ.”

ಒಪ್ಪಿಕೊಂಡೆ. ನಾಳೆ ಅವಳ ಮಾತು ಕೇಳಲು ಮೇಡಂ ಇರುತ್ತಾರೆ. ಶನಿವಾರದಿಂದ ಅವಳು ಎಲ್ಲಿ ಕೂರಬೇಕು ಅನ್ನುವುದನ್ನು ಮಾತ್ರ ಯಾರನ್ನು ಕೇಳಲಿ, ಯಾವ ಹಾಳೆಯಲ್ಲಿ ಬರೆಯಲಿ?