ಕಾಣದ ಹೊಲಿಗೆ

9-6-2025, ಸೋಮವಾರ
ಸಾತ್ವಿಕಾಳ ಯೂನಿಫಾರ್ಮು ಕಂಕುಳ ಹತ್ತಿರ ಹರಿದಿದೆ. ಮೂರನೇ ಕ್ಲಾಸು ಶುರುವಾಗಿ ವಾರವಷ್ಟೆ. ಒಳಮಡಿಕೆಯಿಂದ ಅದೇ ಬಟ್ಟೆಯ ಎಳೆ ಕಿತ್ತು ನೇಯ್ದೆ. ಚೌಕುಳಿಗೆ ಚೌಕುಳಿ ಕೂಡಿತು. ಸೊಸೆ ಕಾಂತಿ ಬೆಳಕಿಗೆ ಹಿಡಿದು ನೋಡಿದಳು.
"ಎಲ್ಲಿ ಹರಿದದ್ದು ಮಾಮಿ? ಗೊತ್ತೇ ಆಗುವುದಿಲ್ಲ."
ಗೊತ್ತಾದರೆ ಅದು ಹೊಲಿಗೆಯೇ? ನೂಲು ಎದ್ದು ಕಾಣುವ ಅಂಗಿಯಲ್ಲಿ ಈ ಮನೆಯ ಮಗು ಗುರುವಾಯನಕೆರೆಯ ಶಾಲೆಯೆದುರು ವ್ಯಾನಿನಿಂದ ಇಳಿಯಬಾರದು.
ಹೇಗೆ ಹರಿಯಿತೆಂದು ಮೊಮ್ಮಗಳನ್ನು ಗದರಿದೆ. "ಸಿಕ್ಕಿ ಹಾಕಿಕೊಂಡಿತು ಅಜ್ಜಿ." ಅಷ್ಟೇ.

13-6
ಈಗ ಜೇಬು. ಅದೇ ಬದಿ. ಎರಡು ಬೈದು ಹೊಲಿದುಕೊಟ್ಟೆ.

18-6, ಬೆಳಿಗ್ಗೆ 8
ವ್ಯಾನ್ ಹಾರ್ನ್ ಹೊಡೆಯುವಾಗ ಕಂಡಿತು — ಅಂಗಿಯ ತೋಳು ಹೆಗಲಿನಿಂದ ಬಿಟ್ಟಿದೆ. ನಿನ್ನೆಯದು. ಬೈಗುಳಕ್ಕೆ ಹೆದರಿ ಅಡಗಿಸಿದ್ದಾಳೆ. ಬಿಚ್ಚಿಸಲು ಹೊತ್ತಿಲ್ಲ, ಮೈಮೇಲೆಯೇ ಹೊಲಿದೆ. ಹಾಗೆ ಹೊಲಿಯುವಾಗ ತೊಟ್ಟವರು ಬಾಯಲ್ಲಿ ನೂಲು ಕಚ್ಚಿ ಸುಮ್ಮನಿರಬೇಕು. ನನ್ನ ಅಮ್ಮನಿಂದ ಬಂದ ಪದ್ಧತಿ.
"ಅಜ್ಜಿ, ವ್ಯಾನಿನ ಕೂಸಪ್ಪ ಮಾಮ..."
"ಬಾಯಿ ಮುಚ್ಚು. ನೂಲು ಬೀಳ್ತದೆ."
ಮುಚ್ಚಿದಳು. ಅಷ್ಟರಲ್ಲಿ ಡ್ರೈವರ್ ಕೂಸಪ್ಪನೇ ಗೇಟಿಗೆ ಬಂದ. "ಎಂಥ ದೊಡ್ಡಮ್ಮ, ಮಹಾರಾಣಿಯ ಅಲಂಕಾರ ಇನ್ನೂ ಆಗ್ಲಿಲ್ವಾ?"
ನಕ್ಕೆ.

24-6
ಮೀಯಿಸುವಾಗ ಕಾಂತಿ ನೋಡಿದ್ದಾಳೆ. ಹೆಗಲ ಹಿಂದೆ ನೀಲಿಗಟ್ಟಿದೆ, ಉಗುರಿನ ಗೀರು. ಈಗ ಮಗು ಎಲ್ಲ ಹೇಳಿತು. ಹನ್ನೆರಡು ಮಕ್ಕಳ ವ್ಯಾನಿಗೆ ಇಪ್ಪತ್ತು ಮಕ್ಕಳು. ಮೊದಲು ಹತ್ತುವವಳು ಇವಳು. ಉಳಿದವರಿಗೆ ಜಾಗವಾಗಲೆಂದು ಕೂಸಪ್ಪ ಅಂಗಿ ಹಿಡಿದು ಹಿಂದಕ್ಕೆ ಎಳೆದು ತುರುಕುತ್ತಾನಂತೆ. ದಿನಾ.

26-6
ಶಾಲೆಯ ಆಫೀಸು. ಕಾಂತಿ, ನಾನು, ಮಗು. ಕಾಂತಿ ಮಗುವಿನ ಹೆಗಲಿನ ನೀಲಿ ತೋರಿಸಿದಳು. ಕೂಸಪ್ಪ ಕೈಕಟ್ಟಿ ನಿಂತಿದ್ದ.
"ನಾನು ಮುಟ್ಟಲೇ ಇಲ್ಲ ಸರ್. ಇವರು ಬೀಳುವುದು, ಮತ್ತೆ ಡ್ರೈವರಿನ ತಲೆಗೆ ಕಟ್ಟುವುದು. ಅಂಗಿ ಹರಿದಿದ್ರೆ ತೋರಿಸ್ಲಿ ಮಾರಾಯ್ರೆ."
ಹೆಡ್‌ಮಾಸ್ತರರು ಅಂಗಿಯನ್ನು ಒಳಹೊರಗೆ ತಿರುಗಿಸಿದರು. "ಎಲ್ಲಿ ಅಮ್ಮ?"
ಕನ್ನಡಕ ಹಾಕಿ ಹುಡುಕಿದೆ. ಸಿಗಲಿಲ್ಲ. ನನ್ನದೇ ಹೊಲಿಗೆ, ನನಗೇ ಸಿಗಲಿಲ್ಲ.
"ಹರಿದದ್ದನ್ನು ನೀವು ನೋಡಿದ್ದೀರಾ?"
ಮೂರು ಸಲ ಕಂಡೂ ಕೇಳಲಿಲ್ಲ, ಹೇಳಲು ಬಂದವಳ ಬಾಯಿ ಮುಚ್ಚಿಸಿದೆ — ಇದನ್ನು ಆ ಡ್ರೈವರಿನ ಎದುರು ನಿಂತು ಹೇಳುವುದೇ? ನಾನು?
"ನೆನಪಿಲ್ಲ" ಎಂದೆ.
ಮಗುವಿನಿಂದ ಕೂಸಪ್ಪನಿಗೆ ಸಾರಿ ಹೇಳಿಸಿದರು. ಹೇಳಿದಳು. ನನ್ನನ್ನೇ ನೋಡುತ್ತ ಹೇಳಿದಳು.
ಆಟೋದಲ್ಲಿ ಕಾಂತಿ, ಮುಖ ಆಚೆ ತಿರುಗಿಸಿಕೊಂಡು: "ಸುಳ್ಳು ಹೇಳಿದ್ದು ಯಾರು ಅಂತ ಅವಳಿಗೂ ಗೊತ್ತುಂಟು ಮಾಮಿ."

3-7, ಸಂಜೆ
ಒಂದು ವಾರ ಕಾಂತಿಯೇ ಸ್ಕೂಟರಿನಲ್ಲಿ ಬಿಟ್ಟು ಬಂದಳು. ದಿನವೂ ಕೆಲಸಕ್ಕೆ ತಡ, ಬೈಸಿಕೊಂಡಳು. ಇವತ್ತು ಮತ್ತೆ ವ್ಯಾನು. ಗೇಟಿನಲ್ಲಿ ನಿಂತ ನನ್ನ ಕಿವಿಗೇ ಬಿತ್ತು, ಕೂಸಪ್ಪನ ಮಾತು: "ಬಂದ್ಲು ನೋಡಿ, ಸತ್ಯಹರಿಶ್ಚಂದ್ರನ ಮಗಳು!" ಒಳಗಿನ ಮಕ್ಕಳೆಲ್ಲ ನಕ್ಕರು.
ಸಂಜೆ ಬಂದಾಗ ತೋಳು ಮತ್ತೆ ಬಿಟ್ಟಿತ್ತು. ಕೈಚಾಚಿದೆ. ಕೊಡಲಿಲ್ಲ. ನನ್ನನ್ನು ದಾಟಿ ಅಡುಗೆಮನೆಗೆ ಹೋದಳು.
"ಅಮ್ಮ, ನೀನು ಹೊಲಿ. ಕೆಂಪು ನೂಲಿನಲ್ಲಿ. ಕಾಣ್ಬೇಕು."
ಕಾಂತಿ ನನ್ನ ಕಡೆ ನೋಡಿದಳು. "ಹೊಲಿಯಬೇಡ, ಹಾಗೇ ಇರಲಿ" ಎಂದೆ. "ನಾಳೆ ನಾನೂ ಬರ್ತೇನೆ ಶಾಲೆಗೆ." ಇಬ್ಬರೂ ನಂಬಲಿಲ್ಲ.
ಅಲ್ಲಿ ಹೋಗಿ ಮತ್ತೆ ಬಾಯಿ ಕಟ್ಟಬಾರದು. ಹೇಳುವುದನ್ನು ಇಲ್ಲೇ ಬರೆದುಕೊಳ್ಳುತ್ತೇನೆ.
ಸರ್, ಅಂಗಿ ಮೂರು ಸಲ ಹರಿದಿತ್ತು. ಮಗು ಹೇಳಿದ್ದು ನಿಜ. ಸುಳ್ಳು ಹೇಳಿದವಳು —