ಪೀರಾಂಬಿಯ ಅಡಕೊತ್ತು

ಮುಂಬಯಿ, ಮಾರ್ಚ್ ೧೯೭೬

ವೈನಿಯವರಿಗೆ ಶಿವಲೀಲಾಳ ಶರಣು. ನಿಮ್ಮ ಕಾಲಬಾವು ಇಳಿದಿದೆಯೇ?

ವಿಮಾನ ಅಪಹರಣದ ಭಯಕ್ಕೆ ಇಲ್ಲಿ ವಿಮಾನ ನಿಲ್ದಾಣದಲ್ಲಿ ಹೆಂಗಸರ ತಪಾಸಣೆ ನನ್ನ ಕೆಲಸ. ನಿನ್ನೆ ನಮ್ಮ ತೊರವಿಯ ಪೀರಾಂಬಿ ಎಂಬ ಮುದುಕಿ ಮಗಳ ಬಾಣಂತನಕ್ಕೆಂದು ಕುವೈತಿಗೆ ಹೊರಟಿದ್ದಳು. ಅವಳ ಗಂಟಿನಲ್ಲಿ ಅಡಕೊತ್ತು ಸಿಕ್ಕಿತು.

“ಕೂಸಿಗೆ ದೃಷ್ಟಿ ತಾಗಬಾರದಂತ ದಿಂಬಿನ ಕೆಳಗ ಇಡಾಕ ಒಯ್ಯಾಕತ್ತೇನಿ, ಬಿಡ ಯವ್ವಾ. ನೀನೂ ನಮ್ಮ ಕಡೀಯಾಕಿ,” ಎಂದಳು. ಆದರೂ ತೆಗೆದಿಟ್ಟುಕೊಂಡೆ.

ವಿಮಾನದ ಸಿಬ್ಬಂದಿಯ ಕೈಗೆ ಕೊಟ್ಟಿದ್ದರೆ ಇಳಿದ ಮೇಲೆ ಅವಳಿಗೇ ಸಿಗುತ್ತಿತ್ತಂತೆ. ಸಾಹೇಬರು ಹೇಳುವಷ್ಟರಲ್ಲಿ ವಿಮಾನ ಹಾರಿಹೋಗಿತ್ತು. ಮೊದಲೇ ಕೇಳಲು ನನಗೆ ಹೊಳೆಯಲೇ ಇಲ್ಲ, ವೈನಿ.

ತೆಗೆದಿಟ್ಟುಕೊಂಡಾಗ ಮುದುಕಿ ಬಯ್ಯಲೂ ಇಲ್ಲ. “ನಿನ್ನ ನೌಕರಿ ಉಳೀಲಿ ಬೇ,” ಎಂದು ನನ್ನ ಗಲ್ಲ ಸವರಿ ಹೋದಳು.

ಡ್ಯೂಟಿಗೆ ಹೊತ್ತಾಯಿತು. ಅಣ್ಣನಿಗೆ ಶರಣು ಹೇಳಿರಿ.

ಶಿವಲೀಲಾ