ಮೊಹೆಂಜೊದಾರೊದ ಹೆಣ್ಣುಮಗಳು

ಪುಟ್ಟೇನಹಳ್ಳಿ, ಯಲಹಂಕ

ಮಾನ್ಯ ವೇಣುಗೋಪಾಲ್ ಅವರಿಗೆ,

ನಮಸ್ಕಾರ. ನಾಗರಿಕತೆಗಳ ಚರಿತ್ರೆ ಕುರಿತು ನೀವು ಬರೆದ ಪುಸ್ತಕಗಳೆಲ್ಲ ನಮ್ಮ ಮನೆಯಲ್ಲಿವೆ. ನಮ್ಮಪ್ಪ ಪಂಚಪ್ಪ ಬಾಗಲಕೋಟೆ ಕಡೆಯಿಂದ ಇಲ್ಲಿಯ ಕಾರ್ಖಾನೆಗೆ ಬಂದವರು. ಪಾಳಿ ಮುಗಿಸಿ ಬಂದು, ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು, ರೊಟ್ಟಿ ಬಡಿಯುವ ಅವ್ವನಿಗೆ ಅವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅವ್ವನಿಗೆ ಓದು ಬಾರದು. ಆ ರೊಟ್ಟಿ ಸಪ್ಪಳದ ನಡುವೆಯೇ ನಾನೂ ಈಜಿಪ್ಟು, ಗ್ರೀಸು ನೋಡಿ ಬಂದೆ.

ಅಪ್ಪ ಹೋದ ಮೇಲೆ ಈಗ ನಾನು ಓದುತ್ತೇನೆ. ನಿನ್ನೆ ಮೊಹೆಂಜೊದಾರೊ ಅಧ್ಯಾಯ ಮುಗಿಯುತ್ತಲೇ ಅವ್ವ ಸಿಟ್ಟಾದಳು.

"ಎಲ್ಲಿ ಹೋದ್ಲು ಆ ಹೆಣ್ಮಗಳು? ಗಂಡ ತಡಾ ಮಾಡಿ ಬಂದ್ರ ಬೈಕೋಂತನ ಬಿಸಿ ರೊಟ್ಟಿ ನೀಡ್ತಿದ್ಲಲ್ಲ? ಬಲಗೈ ಮ್ಯಾಲೆ ಸುಟ್ಟ ಕಲೆ ಇತ್ತು ಆಕಿಗೆ. ಹಾಳಿ ಹಾರಿಸಿ ಓದಬ್ಯಾಡ!"

ಈಜಿಪ್ಟಿನಲ್ಲೂ ಅವಳಿದ್ದಳಂತೆ, ಗ್ರೀಸಿನಲ್ಲೂ. ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ, ಎಲ್ಲಿಯೂ ಇಲ್ಲ. ಅವ್ವನ ಬಲಗೈ ಮೇಲೆ ಹೆಂಚು ತಾಗಿ ಸುಟ್ಟ ಕಲೆಯಿದೆ. ಹಾರಿಹೋದ ಹಾಳೆ ಹುಡುಕಿ ಓದುತ್ತೇನೆಂದು ಅವಳಿಗೆ ಹೇಳಿದ್ದೇನೆ.

ಅಪ್ಪನ ಹಾಗೆ ಪುಸ್ತಕದಲ್ಲಿ ಇಲ್ಲದ್ದನ್ನು ಓದಲು ನನಗೆ ಬರುವುದಿಲ್ಲ. ಹಾಗಾಗಿ ಒಂದು ಕೋರಿಕೆ. ಮುಂದಿನ ಮುದ್ರಣದಲ್ಲಿ, ಯಾವ ನಾಗರಿಕತೆಯಲ್ಲಾದರೂ ಸರಿ, ಒಂದು ಒಲೆಗೆ ಜಾಗವಿದ್ದರೆ ಅವಳನ್ನು ಅದರ ಮುಂದೆ ಕೂಡಿಸಿ. ಆ ಕಾಲಕ್ಕೆ ಜೋಳ ಹೊಂದದಿದ್ದರೆ ರೊಟ್ಟಿ ಗೋಧಿಯದೇ ಆಗಲಿ. ಗಂಡ ಮಾತ್ರ, ಎಷ್ಟೇ ತಡವಾದರೂ, ಮನೆಗೆ ಬರಲಿ.

ಇಂತಿ,
ಪದ್ಮಶ್ರೀ ಪಂಚಪ್ಪ